ಭಾನುವಾರದ ತನಕ ಸಿಸ್ಟರ್ ಎರ್ರಣ್ಣ

ಮೌನಿಕಾಳಿಗೆ ಕಾಮಾಲೆ ಆಗಿರಲಿಲ್ಲ. ಆದರೆ ಗುರುವಾರ ಹೊತ್ತೇರುವಷ್ಟರಲ್ಲಿ ಸಿರುಗುಪ್ಪದ ಆ ಓಣಿಗೆಲ್ಲ ಆಕೆಗೆ ಕಾಮಾಲೆಯೆಂದು ಗೊತ್ತಾಗಿ, ಒಬ್ಬರು ಎಳನೀರು, ಇನ್ನೊಬ್ಬರು ಮೂಲಂಗಿ ಸೊಪ್ಪು, ಮತ್ತೊಬ್ಬರು ನೆಲನೆಲ್ಲಿ ಗಿಡವನ್ನು ಬೇರುಸಮೇತ ಕಿತ್ತು ತಂದುಕೊಟ್ಟಾಗಿತ್ತು. ಇಷ್ಟಕ್ಕೆಲ್ಲ ಕಾರಣ ಆಕೆಯ ತಾಯಿ ಉಚ್ಚೆಂಗೆಮ್ಮ. ಬುಧವಾರ ಮಧ್ಯಾಹ್ನ ಮಗಳು ಸೂಟ್‌ಕೇಸ್ ಎಳೆದುಕೊಂಡು ಬಂದಾಗ ಎದುರುಮನೆಯ ಕೊಟ್ರಬಸಮ್ಮ ಬಾಗಿಲಲ್ಲೇ ನಿಂತು, "ಏನವಾ, ಒಂದೂವರಿ ವರ್ಷ ಅಂದಿದ್ರಿ, ಎಂಟು ತಿಂಗಳಿಗೇ ಬಂದಾಳಲ್ಲ?" ಎಂದು ಕೇಳಿದಳು. ಉಚ್ಚೆಂಗೆಮ್ಮನ ಬಾಯಿಗೆ ಮೊದಲು ಬಂದ ರೋಗ ಕಾಮಾಲೆ. ಕೊಟ್ರಬಸಮ್ಮನಿಗೆ ಹೇಳಿದ ಮೇಲೆ ಮೈಕು ಕಟ್ಟಿ ಸಾರುವ ಅಗತ್ಯ ಉಳಿಯುವುದಿಲ್ಲ.

ಮೌನಿಕಾ ಹೋಗಿದ್ದು ಮಿಷನ್ನಿಗೆ. ಬಳ್ಳಾರಿಯ ಪಾರ್ವತಿನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದು ಡಿಗ್ರಿ ಓದುವಾಗ ಆಕೆಗೆ ಮಾರ್ಮನ್ ಚರ್ಚಿನ ಪರಿಚಯವಾಗಿತ್ತು. ಚರ್ಚೆಂದರೆ ಗೋಪುರ ಗಂಟೆ ಏನಿಲ್ಲ. ಒಂದು ಮನೆಯ ಮಹಡಿ, ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಕೀಬೋರ್ಡು. ಮಗಳು ಸೇರಿದಳು, ಮಗಳ ಹಿಂದೆ ತಾಯಿಯೂ ಸೇರಿದಳು. ತಂದೆ ಎರ್ರಣ್ಣ ಮಾತ್ರ, "ನಿಮ್ಮ ದೇವರು ನಿಮಗ, ನಮ್ಮ ದೇವರು ನಮಗ. ಭಾನುವಾರ ಅಡಿಗಿ ಮಾಡಿಟ್ಟು ಹೋಗ್ರಿ" ಎಂದು ಚರ್ಚೆಯನ್ನು ಅಲ್ಲಿಗೇ ಮುಗಿಸಿದ್ದ. ಆತ ಸಿರುಗುಪ್ಪದ ರೈಸ್ ಮಿಲ್ಲೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವವನು. ಉರಿಯ ಮುಂದೆ ನಿಂತೂ ನಿಂತೂ ಮಾತು ಆರಿಹೋದ ಮನುಷ್ಯ.

ಆ ಚರ್ಚಿನಲ್ಲಿ ಹರೆಯದವರು ಒಂದೂವರೆ ಎರಡು ವರ್ಷ ಮನೆ ಬಿಟ್ಟು, ಹಿರಿಯರು ಹೇಳಿದ ಊರಿಗೆ ಹೋಗಿ ಧರ್ಮದ ಸೇವೆ ಮಾಡುವ ಪದ್ಧತಿಯಿದೆ. ಮೌನಿಕಾಳಿಗೆ ರಾಜಮಂಡ್ರಿ ಬಂತು. ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಸೂಟ್‌ಕೇಸನ್ನು ಬಸ್ಸಿಗೇರಿಸಿದ ಎರ್ರಣ್ಣ ಹೇಳಿದ್ದು ಇಷ್ಟೇ: "ಹೋಗೋದಾದ್ರ ಮುಗಿಸ್ಕಂಡು ಬಾ. ನಡುವ ಬಿಟ್ಟು ಮಾತ್ರ ಬರಬ್ಯಾಡ."

ಎಂಟು ತಿಂಗಳೂ ಆ ಮಾತು ಆಕೆಯ ಬೆನ್ನು ಬಿಡಲಿಲ್ಲ.

ಮೊದಮೊದಲು ರಾಜಮಂಡ್ರಿ ಹಬ್ಬದ ಹಾಗಿತ್ತು. ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಹಾಕಿಕೊಳ್ಳಬೇಕು, ಅದರಲ್ಲಿ ಸಿಸ್ಟರ್ ಎಂದಾದ ಮೇಲೆ ಮನೆತನದ ಹೆಸರಿರಬೇಕು. ಮೌನಿಕಾಳ ಕಾಗದಪತ್ರಗಳಲ್ಲಿ ಮನೆತನದ ಜಾಗದಲ್ಲಿ ಅಪ್ಪನ ಹೆಸರೇ ಇದ್ದುದರಿಂದ ಆಕೆ 'ಸಿಸ್ಟರ್ ಎರ್ರಣ್ಣ' ಆದಳು. ತೆಲುಗು ಮಕ್ಕಳು ಅದನ್ನೋದಿ ಬಿದ್ದು ಬಿದ್ದು ನಕ್ಕವು, ಆಕೆಯೂ ನಕ್ಕಳು. ಒಬ್ಬ ವಿಧವೆ ಮೌನಿಕಾ ಮತ್ತು ಆಕೆಯ ಜೊತೆಗಾರ್ತಿಯಿಂದ ಹಾಡು ಕಲಿತು, ಇವರು ಹೊರಟು ನಿಂತಾಗ ಕೈಹಿಡಿದು ಅತ್ತಿದ್ದಳು. ಅವತ್ತು ರೂಮಿಗೆ ಬರುವ ದಾರಿಯಲ್ಲಿ ಮೌನಿಕಾಳ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮರುವಾರ ಅದೇ ವಿಧವೆ ಫೋನೆತ್ತಲಿಲ್ಲ. ಅದರ ಮರುವಾರವೂ ಎತ್ತಲಿಲ್ಲ. ಕರೆದವರ ಮನೆಗೆ ಮಾತ್ರ ಹೋಗಬೇಕೆಂಬುದು ಅಲ್ಲಿನ ಕಟ್ಟಳೆ. ಕರೆಯುವವರಿಲ್ಲದ ದಿನ ಜೊತೆಗಾರ್ತಿ ಸಿಸ್ಟರ್ ಸಂಗ್ಮಾಳ ಎದುರು ಕುಳಿತು ಫೋನು ನೋಡುವುದೇ ಕೆಲಸ. ಇಬ್ಬರೂ ಒಬ್ಬರಿಗೊಬ್ಬರು ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲೇ ಇರಬೇಕೆಂಬುದು ಇನ್ನೊಂದು ಕಟ್ಟಳೆ. ಬಚ್ಚಲುಮನೆಯೊಂದು ಮಾತ್ರ ಅದಕ್ಕೆ ಹೊರತು.

ಐದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಆಕೆಯ ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳತೊಡಗಿತು. ಏನೂ ನಡೆದಿರಲಿಲ್ಲ, ಯಾರೂ ಏನೂ ಅಂದಿರಲಿಲ್ಲ. ಆದರೂ ಬಾಗಿಲಾಚೆ ಏನೋ ಕೆಟ್ಟದ್ದು ಕಾದು ನಿಂತಿದೆ ಎಂಬ ದಿಗಿಲು. ಆ ಮೇಲೆ ಅದು ದಿನಾ ಬಂತು. ಅನ್ನ ಗಂಟಲಲ್ಲಿ ನಿಂತಿತು. ಆಕೆ ಬಚ್ಚಲುಮನೆ ಸೇರಿ, ನಳ ಬಿಟ್ಟು, ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕುಳಿತು ಅಳುತ್ತಿದ್ದಳು. ಸೋಮವಾರ ಮನೆಗೆ ವಿಡಿಯೋ ಕಾಲ್ ಮಾಡುವ ಹೊತ್ತಿಗೆ ಮುಖ ತೊಳೆದು, "ಅರಾಮದೀನಿ ಅಮ್ಮ" ಎಂದು ನಗುತ್ತಿದ್ದಳು. ಅಪ್ಪ ಒಂದೇ ನಿಮಿಷ ಬಂದು, ಆಕೆಯ ಎದೆಯ ಪಟ್ಟಿಯನ್ನು ಕಣ್ಣು ಕಿರಿದು ಮಾಡಿ ನೋಡಿ, "ಉಂಡೇನು?" ಎಂದು ಕೇಳಿ ಎದ್ದುಹೋಗುತ್ತಿದ್ದ.

ಕೊನೆಗೆ ಸಿಸ್ಟರ್ ಸಂಗ್ಮಾಳೇ ಹಿರಿಯರಿಗೆ ತಿಳಿಸಿದಳು. ಡಾಕ್ಟರು ಆತಂಕದ ಕಾಯಿಲೆ ಎಂದರು, ಗುಳಿಗೆ ಬರೆದರು. ಮಿಷನ್ನಿನ ಹಿರಿಯರು ಬೆಂಗಳೂರಿನಿಂದ ಫೋನಿನಲ್ಲಿ ಬಹಳ ಮೆತ್ತಗೆ, ಮನೆಗೆ ಹೋಗಿ ಗುಣವಾಗು, ಇದು ತಪ್ಪಲ್ಲ ಎಂದರು. ಅವರು ತಪ್ಪಲ್ಲ ಎಂದ ಮೇಲೆಯೇ ಆಕೆಗೆ ಅದೆಷ್ಟು ದೊಡ್ಡ ತಪ್ಪೆಂದು ಅನಿಸಿದ್ದು. ಓಣಿಯ ತನಕ ಬಿಡಲು ಬಂದ ಚರ್ಚಿನ ಹೆಂಗಸೊಬ್ಬಳ ಪಕ್ಕ ಕುಳಿತು, ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತಳು.

ಈಗ ಉಳಿದಿದ್ದು ಭಾನುವಾರ. ಬಳ್ಳಾರಿ ಚರ್ಚಿನ ಮುಖ್ಯಸ್ಥ ಅಮರೇಶ್ ಹೈದರಾಬಾದಿಗೆ ಹೋಗಿದ್ದರು. ಅವರು ಬಂದು ವಿಧಿಪ್ರಕಾರ ಬಿಡುಗಡೆ ಮಾಡುವವರೆಗೆ ಮೌನಿಕಾ ಮನೆಯಲ್ಲಿದ್ದರೂ ಮಿಷನರಿಯೇ. ಎದೆಯ ಪಟ್ಟಿ ತೆಗೆಯುವಂತಿಲ್ಲ, ಒಂಟಿಯಾಗಿ ಇರುವಂತಿಲ್ಲ. ಹಾಗಾಗಿ ಉಚ್ಚೆಂಗೆಮ್ಮನೇ ಜೊತೆಗಾರ್ತಿಯಾಗಿ ಮಗಳ ಹಿಂದೆ ಹಿತ್ತಲಿಗೆ, ಮಗಳ ಹಿಂದೆ ಅಂಗಳಕ್ಕೆ ತಿರುಗತೊಡಗಿದಳು. ಬಿಡುಗಡೆಯಷ್ಟೇ ಆಗಿದ್ದರೆ ಸರಿ. ಮಿಷನ್ನಿನಿಂದ ಬಂದವರು ಭಾನುವಾರದ ಸಭೆಯಲ್ಲಿ ಎಲ್ಲರೆದುರು ನಿಂತು ನಾಲ್ಕು ಮಾತು ಆಡಬೇಕು. ಯಾಕೆ ಬಂದೆ ಎಂದು ಆಕೆ ಅಲ್ಲಿ ಹೇಳಬೇಕಿತ್ತು.

"ಕಾಮಾಲಿ ಅನ್ನು," ಎಂದಳು ಉಚ್ಚೆಂಗೆಮ್ಮ. "ಕಾಮಾಲಿ ಹದಿನೈದು ದಿನಕ್ಕ ಹೋಗ್ತೈತಿ. ತಲೀದು ಅಂದ್ರ ಸಾಯೋತನ ಹೋಗಲ್ಲ. ನಾಳೆ ನಿನ್ನ ಕೇಳಾಕ ಬಂದವ್ರಿಗೆ ಏನ್ ಹೇಳ್ಲಿ ನಾನು?"

"ದೇವರ ಮುಂದ ನಿಂತು ಸುಳ್ಳು ಹೇಳ್ಲೇನಮ್ಮ?"

"ದೇವರಿಗೆ ಗೊತ್ತೈತಿ ಬಿಡು. ಗೊತ್ತಾಗಬಾರದ್ದು ಕೊಟ್ರಬಸಮ್ಮಗ. ಮತ್ತ ನಿಮ್ಮಪ್ಪಗಂತೂ ಹೇಳಲೇಬ್ಯಾಡ."

ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಬುಧವಾರ ಸಂಜೆ ಮಿಲ್ಲಿನಿಂದ ಬಂದ ಎರ್ರಣ್ಣ ಮಗಳನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಿದ್ದ. ಕಾಮಾಲೆ ಎಂದು ಕೇಳಿ, "ಆಸ್ಪತ್ರಿಗೆ ತೋರಿಸೀರೇನು?" ಎಂದಷ್ಟೇ ಕೇಳಿದ. ಅಂದಿನಿಂದ ಮೌನಿಕಾ ಅಪ್ಪನ ಮುಂದೆ ಕಣ್ಣೆತ್ತಲಿಲ್ಲ. ಕಾಮಾಲೆ ಇದ್ದರೆ ಕಣ್ಣು ಹಳದಿಯಾಗಬೇಕು, ಆಕೆಯ ಕಣ್ಣೋ ಹಾಲಿನಷ್ಟು ಬೆಳ್ಳಗಿತ್ತು. ಉಪ್ಪಿಲ್ಲದ, ಒಗ್ಗರಣೆಯಿಲ್ಲದ ಗಂಜಿ ಉಣ್ಣುತ್ತ, ತನಗಿಲ್ಲದ ರೋಗದ ಪಥ್ಯವನ್ನು ಆಕೆ ಮೂರು ದಿನ ನಿಷ್ಠೆಯಿಂದ ಮಾಡಿದಳು.

ಶುಕ್ರವಾರ ಕೊಟ್ರಬಸಮ್ಮ ಎರ್ರಣ್ಣನನ್ನು ಓಣಿಯಲ್ಲೇ ತಡೆದಳು. "ಅಲ್ಲಪಾ, ಕುರುಗೋಡಾಗ ನಿಮ್ಮ ದೊಡ್ಡಪ್ಪ ಕಾಮಾಲಿಗೆ ಎಲಿ ಕೊಡ್ತಾನ. ದೂರದೂರಿಂದ ಮಂದಿ ಬರ್ತಾರ. ಮನ್ಯಾಗ ಔಷಧ ಇಟ್ಕಂಡು ಸುಮ್ಮನ ಕುಂತೀಯಲ್ಲ!"

ಎರ್ರಣ್ಣ ಬಾಯ್ಲರನ್ನು ಮಿಲ್ಲಿನ ಜೊತೆಗಾರ ದುರುಗಣ್ಣನಿಗೆ ಒಪ್ಪಿಸಿ ಶನಿವಾರ ರಜೆ ಹಾಕಿದ. ವರ್ಷಕ್ಕೊಮ್ಮೆಯೂ ರಜೆ ಹಾಕದವನು. ಉಚ್ಚೆಂಗೆಮ್ಮನ ಜೀವ ಬಾಯಿಗೆ ಬಂತು. ಬಿಸಿಲು ಎಂದಳು, ಸುಸ್ತು ಎಂದಳು, ಕೊನೆಗೆ, "ಆಕಿ ಒಬ್ಬಾಕಿ ಇರಂಗಿಲ್ಲ, ನಾ ಜೊತಿಗಿರಬೇಕು" ಎಂದು ಕಟ್ಟಳೆಯನ್ನೇ ಮುಂದೆ ಒಡ್ಡಿದಳು.

"ಎಷ್ಟು ಹತ್ರ ಇರಬೇಕು?" ಎಂದ ಎರ್ರಣ್ಣ.

"ಕಣ್ಣಿಗೆ ಕಾಣೋ ಹಂಗ, ಕಿವಿಗೆ ಕೇಳೋ ಹಂಗ."

"ಬಾಯ್ಲರ್ ಇದ್ದಂಗ ಅನ್ನು. ನಮ್ಮಲ್ಲೂ ಅದನ್ನ ಒಂದಾ ಬಿಡಂಗಿಲ್ಲ. ನಾ ಇರ್ತೀನಿ." ಅಷ್ಟು ಹೇಳಿ ಬೈಕು ಹೊರಗೆ ತೆಗೆದ. ತಾಯಿ ಮಗಳು ಮುಖ ಮುಖ ನೋಡಿಕೊಂಡರು.

ಕಾಲುವೆಯ ದಂಡೆ, ನಾಟಿಯಾದ ಗದ್ದೆ, ಸಿರಿಗೇರಿ, ಎಲ್ಲ ಒಂದೊಂದಾಗಿ ಹಿಂದೆ ಸರಿದವು. ಮೌನಿಕಾಳಿಗೆ ಒಂದೂ ಕಾಣಲಿಲ್ಲ. ಎಲೆ ಕೊಡುವ ಗಾದೆಪ್ಪಜ್ಜ ಕಣ್ಣಿನ ರೆಪ್ಪೆ ಎಳೆದು ನೋಡುತ್ತಾನೆ, ನೋಡಿದ ಕೂಡಲೇ ಗೊತ್ತಾಗುತ್ತದೆ, ಗೊತ್ತಾದ ಮೇಲೆ ಅಪ್ಪ ಏನನ್ನುತ್ತಾನೆ? ನಡುವೆ ಬಿಟ್ಟು ಬಂದೆಯಾ ಎನ್ನುತ್ತಾನೆ. ಸುಳ್ಳು ಬೇರೆ ಹೇಳಿದೆಯಾ ಎನ್ನುತ್ತಾನೆ. ಬೈಕಿನಿಂದ ಜಾರಿ ಬಿದ್ದು ಕೈಮುರಿದರೆ ಒಳ್ಳೆಯದಿತ್ತು ಎಂದು ಕೂಡ ಒಮ್ಮೆ ಯೋಚಿಸಿದಳು. ಕೈಮುರಿತಕ್ಕೆ ಕುರುಗೋಡಿನಲ್ಲಿ ಔಷಧ ಕೊಡುವುದಿಲ್ಲ.

ಕುರುಗೋಡಿನ ಗುಡ್ಡದ ಬುಡದಲ್ಲಿ ಗಾದೆಪ್ಪಜ್ಜನ ಮನೆ. ಎಂಬತ್ತು ದಾಟಿದ ಅಜ್ಜ ಕಟ್ಟೆಯ ಮೇಲೆ ಕುಳಿತು ಒಬ್ಬ ರೋಗಿಯ ನಾಲಿಗೆ ನೋಡುತ್ತಿದ್ದ. ಅವನಿಗೆ ಎಲೆ ಅರೆದು ಆಡಿನ ಹಾಲಿನಲ್ಲಿ ಕಲಸಿ ಕುಡಿಸಿ ಕಳಿಸಿದವನೇ ಮೌನಿಕಾಳನ್ನು ಹತ್ತಿರ ಕೂರಿಸಿಕೊಂಡ. ಕೆಳಗಿನ ರೆಪ್ಪೆ ಎಳೆದ. ಉಗುರು ಒತ್ತಿದ. ನಾಲಿಗೆ ಚಾಚೆಂದ. ಎಲ್ಲ ಆದ ಮೇಲೆ ಅರೆಯುವ ಕಲ್ಲಿನ ಕಡೆ ಹೋಗದೆ ಕೈ ತೊಳೆದುಕೊಂಡ.

"ಎರ್ರಾ, ಈಕಿಗೆ ಕಾಮಾಲಿ ಇಲ್ಲ."

ಮೌನಿಕಾಳ ಎದೆ ಹೊಡೆದುಕೊಳ್ಳತೊಡಗಿತು. ಕಿವಿಯಲ್ಲಿ ಗುಂಯ್ ಎಂದಿತು. ಉಸಿರು ಎಣಿಸಲು ನೋಡಿದಳು, ಮೂರಕ್ಕೆ ತಪ್ಪಿತು. ಕೈಗಳನ್ನು ದುಪಟ್ಟಾದೊಳಗೆ ಬಚ್ಚಿಟ್ಟುಕೊಂಡಳು, ಆದರೆ ದುಪಟ್ಟಾವೇ ನಡುಗುತ್ತಿತ್ತು. ಎರ್ರಣ್ಣ ಆ ಕೈಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಕಟ್ಟೆಯ ಮೇಲೆ ಮಗಳ ಪಕ್ಕದಲ್ಲಿ ಕುಳಿತುಕೊಂಡ.

ಗಾದೆಪ್ಪಜ್ಜ ಇಬ್ಬರನ್ನೂ ನೋಡಿ ಬೊಚ್ಚು ಬಾಯಲ್ಲಿ ನಕ್ಕ. "ಏನಲೇ, ನೀ ನನ್ನ ಸಾಯಿಸಿದ್ದಿ, ಈಕಿ ಕಾಮಾಲಿ ಬರಿಸ್ಕಂಡಾಳ. ನಮ್ಮ ವಂಶದಾಗಾ ಐತೇನಲೇ ಇದು?"

"ದೊಡ್ಡಪ್ಪಾ, ಬಿಡು," ಎಂದ ಎರ್ರಣ್ಣ.

"ಯಾಕ ಬಿಡ್ಲಿ? ಮಗಳಿಗೆ ಹೇಳೀಯೇನು? ಇಲ್ಲ. ನಾ ಹೇಳ್ತೀನಿ ಕೇಳವ್ವ. ಇಪ್ಪತ್ತೇಳು ವರ್ಷದ ಹಿಂದ ನಿಮ್ಮಪ್ಪ ಅಯ್ಯಪ್ಪನ ಮಾಲಿ ಹಾಕಿದ್ದ. ಮಿಲ್ಲಿನವ್ರು ಹತ್ತು ಮಂದಿ, ಅದರಾಗ ಇವನಾ ಸಣ್ಣಾವ. ತಣ್ಣೀರು ಜಳಕ, ಬರಿಗಾಲು, ಕರೀ ಅರಿವಿ. ಕಂಡಕಂಡವ್ರೆಲ್ಲ ಸ್ವಾಮಿ ಸ್ವಾಮಿ ಅಂತ ಕಾಲಿಗೆ ಬೀಳೋರು. ನಲವತ್ತೊಂದು ದಿನ ಮಾಡಬೇಕಲ್ಲ? ಹತ್ತೊಂಬತ್ತನೇ ದಿನ ಮಾಲಿ ತಾನಾ ಬಿಚ್ಚಿ ಹೊಳಿಗೆ ಬಿಟ್ಟ. ಗುರುಸ್ವಾಮಿ ಕೇಳಿದ್ರ ಏನಂದ ಗೊತ್ತೇನು? ಕುರುಗೋಡಾಗ ದೊಡ್ಡಪ್ಪ ತೀರಿಕೊಂಡಾನ, ಸೂತಕ ಅಂದ."

ಮಾಲೆ ಹಾಕಿದವನ ಮನೆತನದಲ್ಲಿ ಸಾವಾದರೆ ಮಾಲೆ ಇಳಿಸಲೇಬೇಕು, ಯಾರೂ ಎರಡನೇ ಮಾತಾಡುವಂತಿಲ್ಲ. ಎರ್ರಣ್ಣ ಹಿಡಿದಿದ್ದು ಅದೇ ದಾರಿ. ಆದರೆ ಮಿಲ್ಲಿನ ಹಮಾಲರು ಒಳ್ಳೆಯವರು. ಮಾಲೆ ಹಾಕಿದವರು ಸಾವಿನ ಮನೆಗೆ ಹೋಗುವಂತಿಲ್ಲವೆಂದು, ಹಾಕದ ನಾಲ್ವರು ಲಾರಿ ಹತ್ತಿ, ಹೂವಿನ ಹಾರ ಹಿಡಿದು, ಮುಖ ಸಣ್ಣದು ಮಾಡಿಕೊಂಡು ಕುರುಗೋಡಿಗೆ ಬಂದಿಳಿದರು.

"ನಾ ಇಲ್ಲೇ, ಇದಾ ಕಟ್ಟಿ ಮ್ಯಾಲ ಮಂಡಾಳು ತಿನಕೋತ ಕುಂತಿದ್ದೆ," ಎಂದ ಅಜ್ಜ. "ಗಾದೆಪ್ಪನ ಮನಿ ಯಾವುದ್ರಿ ಅಂದ್ರು. ನಾನಾ ಗಾದೆಪ್ಪ ಅಂದೆ. ಹಾರ ಹಿಡಿದಾವ ನಡುಗಿಬಿಟ್ಟ! ಪಾಪ, ಅಷ್ಟು ದೂರದಿಂದ ತಂದಾರ, ಒಯ್ಯಿರಿ ಅನ್ನಾಕ ಬರ್ತೈತೇನು? ಇಸ್ಕಂಡು ಎಮ್ಮಿ ಕೊಳ್ಳಾಗ ಹಾಕಿದೆ."

ಮೌನಿಕಾಳಿಗೆ ಆ ಭಯದ ನಡುವೆಯೇ ನಗು ಬಂತು. ಅಪ್ಪನ ಕಡೆ ನೋಡಿದಳು. ಅವನು ನಗುತ್ತಿರಲಿಲ್ಲ. ತಲೆ ತಗ್ಗಿಸಿ ಅಂಗೈಯ ಸುಟ್ಟ ಕಲೆಯನ್ನು ಉಜ್ಜುತ್ತಿದ್ದ.

"ಮತ್ತ ಈ ದೊಡ್ಡ ಮನುಷ್ಯ," ಎಂದು ಅಜ್ಜ ದನಿ ಇಳಿಸಿದ, "ಹೋದ ದೀಪಾವಳಿಗೆ ಬಂದು ಫೋನಿನ್ಯಾಗ ನಿನ್ನ ಫೋಟೋ ತೋರಿಸಿದ. ಮಗಳ ಎದಿ ಮ್ಯಾಲ ನನ್ನ ಹೆಸರೈತಿ ನೋಡು ದೊಡ್ಡಪ್ಪಾ ಅಂದ. ಓದಾಕ ಬರಲ್ಲ ನನಗ. ಆದ್ರೂ ಮೂರು ಸಲ ತೋರಿಸಿದ."

ಹಿಂತಿರುಗುವಾಗ ಸಿರಿಗೇರಿಯ ಹತ್ತಿರ ಹೋಟೆಲೊಂದರ ಮುಂದೆ ಎರ್ರಣ್ಣ ಬೈಕು ನಿಲ್ಲಿಸಿದ. ತನಗೆ ಚಹಾ ಹೇಳಿದ. ಮಗಳ ಚರ್ಚಿನಲ್ಲಿ ಚಹಾ ಕುಡಿಯುವುದಿಲ್ಲವೆಂದು ನೆನಪಾಗಿ ಆಕೆಗೆ ಹಾಲು ಹೇಳಿದ. ಎರಡು ಗುಟುಕು ಕುಡಿದ ಮೇಲೆ ರಸ್ತೆಯ ಕಡೆ ಮುಖ ಮಾಡಿಕೊಂಡೇ ಕೇಳಿದ.

"ಎದಿ ಡಬಡಬ ಅಂತೈತೇನು?"

"ಹ್ಞೂ."

"ಅನ್ನ ಇಳಿಯಲ್ಲ?"

"ಇಳಿಯಲ್ಲಪ್ಪ."

"ಏನೋ ತಪ್ಪು ಮಾಡಿಬಿಡ್ತೀನಿ, ಮಾಡಿಬಿಡ್ತೀನಿ ಅಂತ..."

ಮೌನಿಕಾ ತಲೆಯಾಡಿಸಿದಳು. ಅಪ್ಪನಿಗೆ ಗೊತ್ತಿದೆ. ತನ್ನೊಬ್ಬಳ ಎದೆಯೊಳಗಷ್ಟೇ ಇದೆ ಎಂದುಕೊಂಡಿದ್ದು ಅಪ್ಪನಿಗೆ ಇಪ್ಪತ್ತೇಳು ವರ್ಷದಿಂದ ಗೊತ್ತಿದೆ. ಆಕೆಗೆ ಜೋರಾಗಿ ಅಳು ಬಂತು, ಹೋಟೆಲಿನವನು ನೋಡುತ್ತಿದ್ದರೂ ಅತ್ತಳು.

"ನಡುವ ಬಿಟ್ಟು ಬರಬ್ಯಾಡ ಅಂದಿದ್ಯಲ್ಲಪ್ಪ ನೀನು."

"ಅಂದಿದ್ದೆ." ಎರ್ರಣ್ಣ ಲೋಟ ಕೆಳಗಿಟ್ಟ. "ಬಿಟ್ಟು ಬಂದಾವಗ ಹೆಂಗಾಗ್ತೈತಿ ಅಂತ ನನಗ ಗೊತ್ತಿತ್ತು, ಅದಕ್ಕಂದೆ. ಬಿಟ್ಟಿದ್ದಕ್ಕಲ್ಲವ್ವ, ಸುಳ್ಳು ಹೇಳಿದ್ದಕ್ಕ. ಹೆದರಿಕಿ ಆತು ಅಂತ ಗುರುಸ್ವಾಮಿಗೆ ಒಂದು ಮಾತು ಹೇಳಿದ್ರ ಮುಗೀತಿತ್ತು. ಆತ ತೀರಿಹೋದ, ಹೇಳಾಕಾಗ್ಲಿಲ್ಲ. ಇವತ್ತಿಗೂ ದೊಡ್ಡಪ್ಪನ ಮುಂದ ಕುಂತು ಸಮ ಉಣ್ಣಾಕ ಬರಲ್ಲ ನನಗ."

"ನಾಳೆ ಏನ್ ಹೇಳ್ಲಿ?"

"ನನಗೇನ್ ಗೊತ್ತು? ನಿಮ್ಮ ಗುಡಿ, ನಿಮ್ಮ ಮಂದಿ." ಎದ್ದು ನಿಂತು ಬೈಕಿನ ಕಡೆ ನಡೆದ.

ಭಾನುವಾರ ಬೆಳಿಗ್ಗೆ ತಾಯಿ ಮಗಳು ಹೊರಟಾಗ ಎರ್ರಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಉಚ್ಚೆಂಗೆಮ್ಮ ದಂಗಾದಳು. ಬಳ್ಳಾರಿ ಬರುವವರೆಗೂ ಬಸ್ಸಿನಲ್ಲಿ ಗಂಡ ಕೇಳದ ಹಾಗೆ ಮಗಳ ಕಿವಿಯಲ್ಲಿ, "ಕಾಮಾಲಿ, ಮರೀಬ್ಯಾಡ" ಎನ್ನುತ್ತಲೇ ಇದ್ದಳು.

ಪಾರ್ವತಿನಗರದ ಆ ಮಹಡಿಯಲ್ಲಿ ಇಪ್ಪತ್ತಾರು ಜನ ಕೂಡಿದ್ದರು. ಎರ್ರಣ್ಣ ಚಪ್ಪಲಿ ಬಿಟ್ಟು, ಬಾಗಿಲ ಪಕ್ಕದ ಕೊನೆಯ ಕುರ್ಚಿಯ ತುದಿಯಲ್ಲಿ ಕುಳಿತ. ಹಾಡಾಯಿತು, ಪ್ರಾರ್ಥನೆಯಾಯಿತು, ಅಮರೇಶ್ ಎದ್ದು, "ಸಿಸ್ಟರ್ ಎರ್ರಣ್ಣ" ಎಂದು ಕರೆದರು. ಕೊನೆಯ ಸಾಲಿನಲ್ಲಿ ಎರ್ರಣ್ಣ ತನ್ನನ್ನೇ ಕರೆದರೇನೋ ಎಂದು ಅರ್ಧ ಎದ್ದು ಮತ್ತೆ ಕುಳಿತ.

ಮೌನಿಕಾ ಮೈಕಿನ ಮುಂದೆ ನಿಂತಳು. ಎದೆ ಮತ್ತೆ ಹೊಡೆದುಕೊಳ್ಳತೊಡಗಿತು. ಮುಂದಿನ ಸಾಲಿನಲ್ಲಿ ತಾಯಿ ಕೈಚೀಲವನ್ನು ಹೊಟ್ಟೆಗೆ ಒತ್ತಿಕೊಂಡು ಕಣ್ಣಲ್ಲೇ ಬೇಡುತ್ತಿದ್ದಳು. ಒಂದು ಶಬ್ದ ಸಾಕು, ಎಲ್ಲರೂ ಅಯ್ಯೋ ಪಾಪ ಎನ್ನುತ್ತಾರೆ, ಮುಗಿಯುತ್ತದೆ. ಮೌನಿಕಾ ಬಾಯಿ ತೆರೆದಳು, ಮುಚ್ಚಿದಳು. ಕೊನೆಯ ಸಾಲಿನಲ್ಲಿ ಅಪ್ಪ ಅಂಗೈ ಉಜ್ಜಿಕೊಳ್ಳುತ್ತಿದ್ದ.

"ನನಗ ಕಾಮಾಲಿ ಆಗಿರಲಿಲ್ಲ," ಎಂದಳು.

ತಾಯಿ ಸೆರಗನ್ನು ಮುಖಕ್ಕೆ ಎಳೆದುಕೊಂಡಳು.

"ನನಗ ಹೆದರಿಕಿ ಆಗಿತ್ತು. ಯಾತಕ್ಕ ಅಂತ ಈಗ್ಲೂ ಗೊತ್ತಿಲ್ಲ. ಬಚ್ಚಲದಾಗ ನಳ ಬಿಟ್ಟು ಕುಂತು ಅಳ್ತಿದ್ದೆ. ದೇವರ ಮ್ಯಾಲ ನಂಬಿಕಿ ಇರಲಿಲ್ಲ ಅಂತಲ್ಲ. ನಂಬಿಕಿನೂ ಇತ್ತು, ಹೆದರಿಕಿನೂ ಇತ್ತು. ಮುಗಿಸಬೇಕಂತ ಭಾಳ ನೋಡಿದೆ. ಆಗ್ಲಿಲ್ಲ. ಡಾಕ್ಟ್ರು ಗುಳಿಗಿ ಕೊಟ್ಟಾರ, ತಗೊಳ್ಳಾಕತ್ತೀನಿ. ಇಷ್ಟಾ." ಮುಂದೆ ಏನು ಹೇಳಬೇಕೋ ತಿಳಿಯದೆ, ಆ ವಿಧವೆ ಹಾಡು ಕಲಿತ ದಿನದ ಸಂಗತಿ ಹೇಳಿದಳು. ಅದನ್ನು ಹೇಳುವಾಗ ತಾನು ನಗುತ್ತಿದ್ದೇನೆಂದು ಆಕೆಗೇ ಗೊತ್ತಾಗಲಿಲ್ಲ.

ಆಕೆ ಬಂದು ಕುಳಿತಾಗ ಉಚ್ಚೆಂಗೆಮ್ಮ ಮುಖ ತಿರುಗಿಸಿಕೊಂಡಿದ್ದಳು. ಸಭೆ ಮುಗಿಯುವ ಹೊತ್ತಿಗೆ ಮಾತ್ರ ಸೆರಗಿನೊಳಗಿಂದಲೇ, "ಮಧ್ಯಾಹ್ನ ಚಿಕ್ಕಮ್ಮನ ಮನ್ಯಾಗ ಉಪ್ಪು ಹಾಕ್ಕಂಡು ಉಣ್ಣು" ಎಂದಳು.

ಅಮರೇಶ್ ಮೂವರನ್ನೂ ಪಕ್ಕದ ಸಣ್ಣ ಕೋಣೆಗೆ ಕರೆದರು. ಎರಡು ಒಳ್ಳೆಯ ಮಾತು ಹೇಳಿ, ಇಂದಿಗೆ ಮಿಷನ್ನಿನಿಂದ ಬಿಡುಗಡೆ ಎಂದರು. "ಇನ್ನ ಪಟ್ಟಿ ತೆಗೀಬೌದಮ್ಮ."

ಮೌನಿಕಾ ಕೈ ಎತ್ತುವಷ್ಟರಲ್ಲಿ ಎರ್ರಣ್ಣ, "ತಡಿ" ಎಂದ. ಅಮರೇಶ್ ಕಡೆ ತಿರುಗಿದ. "ಆಕಿ ಕೈಲೆ ಆಕಿ ತೆಗೀಬಾರದ್ರಿ. ಬ್ಯಾರೇದವ್ರು ತೆಗೀಬೇಕು."

"ಅಂಥ ನಿಯಮ ಏನಿಲ್ರಿ. ತಂದಿ ತಾಯಿ ತೆಗೆಯೋದೂ ಐತಿ. ನೀವಾ ತೆಗೀರಿ."

"ಒಂದು ಮಾತು ಕೇಳ್ಲೇನ್ರಿ? ಎಂಟು ತಿಂಗಳು ಮಾಡ್ಯಾಳ. ಅದು ಲೆಕ್ಕಕ್ಕ ಬರ್ತೈತೇನ್ರಿ, ಇಲ್ಲ ಹೋದಂಗೇನ್ರಿ?"

"ಬರ್ತೈತ್ರಿ. ಒಂದು ದಿನಾನೂ ಹೋಗಲ್ಲ."

ಎರ್ರಣ್ಣ ಹೊರಗೆ ಹೋಗಿ ನಳದಲ್ಲಿ ಕೈ ತೊಳೆದು ಬಂದು, ಇಸ್ತ್ರಿಯ ಅಂಗಿಗೇ ಒರೆಸಿಕೊಂಡ. ಪಟ್ಟಿಯ ಹಿಂದೆ ಆಯಸ್ಕಾಂತ ಇರುತ್ತದೆ. ಆ ದಪ್ಪ ಬೆರಳುಗಳಿಗೆ ಅದು ಸುಲಭಕ್ಕೆ ಸಿಕ್ಕಲಿಲ್ಲ. ಮಗಳಿಗೆ ನೋವಾದೀತೆಂಬಂತೆ ಮೆಲ್ಲಗೆ ಬಿಡಿಸಿದ. ಬಿಡಿಸಿ ಕೈಗೆ ಬಂದ ಕ್ಷಣ ಅವನ ಬಾಯಿಂದ, "ಸ್ವಾಮಿಯೇ ಶರಣಮಯ್ಯಪ್ಪ" ಎಂದು ಬಂದುಬಿಟ್ಟಿತು. ನಾಲಿಗೆ ಕಚ್ಚಿಕೊಂಡ. ಅಮರೇಶ್ ಕಿಟಕಿಯ ಕಡೆ ನೋಡುತ್ತ ನಿಂತರು. ಎರ್ರಣ್ಣ ತನ್ನ ಹೆಸರಿದ್ದ ಆ ಪಟ್ಟಿಯನ್ನು ಒರೆಸಿ ಅಂಗಿಯ ಜೇಬಿಗೆ ಹಾಕಿಕೊಂಡ, ಮಗಳಿಗೆ ಕೊಡಲಿಲ್ಲ.

ಎಂಟು ತಿಂಗಳ ಮೇಲೆ ಮೊದಲ ಬಾರಿಗೆ ಮೌನಿಕಾ ಒಬ್ಬಳೇ ಮೆಟ್ಟಿಲಿಳಿದಳು. ಒಬ್ಬಳೇ ಗೇಟು ದಾಟಿದಳು. ಒಬ್ಬಳೇ ರಸ್ತೆಯ ಕೊನೆಯವರೆಗೆ ಹೋಗಿಬರುವ ಮನಸ್ಸಾಯಿತು, ಹೊರಟಳು. ಹತ್ತು ಹೆಜ್ಜೆಗೆ ಎದೆ ಮತ್ತೆ ಸಣ್ಣಗೆ ಹೊಡೆದುಕೊಂಡಿತು. ತಿರುಗಿ ನೋಡಿದಳು.

ಎರ್ರಣ್ಣ ಹಿಂದೆಯೇ ಬರುತ್ತಿದ್ದ. ಅವಳು ನಿಂತಿದ್ದನ್ನು ಕಂಡು ತಾನೂ ನಿಂತು, ಯಾರದೋ ಮನೆಯ ಕಾಂಪೌಂಡಿನ ಬೋಗನ್‌ವಿಲ್ಲಾ ಹೂವನ್ನು ಬಹಳ ಗಮನವಿಟ್ಟು ನೋಡತೊಡಗಿದ. ಅವಳು ನಡೆದಾಗ ಅವನೂ ನಡೆದ. ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ದೂರದ ಲೆಕ್ಕ ತಪ್ಪದಂತೆ ನಡೆದ.

"ಅಪ್ಪ, ಬಿಡುಗಡಿ ಆತಲ್ಲ, ಇನ್ನ ಜೊತಿಗೆ ಯಾರೂ ಇರಬೇಕಂತಿಲ್ಲ," ಎಂದಳು ತಿರುಗದೆಯೇ.

"ನಿನಗ ಆತು," ಎಂದ ಎರ್ರಣ್ಣ ಹಿಂದಿನಿಂದ. "ನೀ ನಡಿ."